ಅಕ್ಕನ ಬ್ಯಾಟರಿ ಗಾಡಿ

ಮೊದಲು ಮಾತಾಡಿಸಿದ್ದು ಅವರೇ, ಅದೂ ಗದರುವ ದನಿಯಲ್ಲಿ. ಜಾಲಹಳ್ಳಿಯ ಆ ಬೀದಿಗೆ ನಾವು ಬಾಡಿಗೆಗೆ ಬಂದು ಸಾಮಾನಿನ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿ ಮುಗಿಸಿರಲಿಲ್ಲ. ಪೀಣ್ಯದಲ್ಲಿ ಲೇತ್ ಕೆಲಸದ ಒಂದು ಸಣ್ಣ ವರ್ಕ್‌ಶಾಪಿನ ಆಫೀಸಿನಲ್ಲಿ ನನಗೆ ಕೆಲಸ. ಸಂಜೆ ಮರಳಿ ಬಂದು ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದೆ. ಪಕ್ಕದ ಮನೆಯ ಗೇಟಿನ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬರು ಹಳೆಯ ಮೊಪೆಡ್ಡಿನ ಎರಡೂ ಬದಿಗೆ ಕಾಲೂರಿ, ಹ್ಯಾಂಡಲ್ ಹಿಡಿದು ನಿಂತಿದ್ದರು. ಸೀರೆಯ ಮೇಲೆ ಗಂಡಸರ ಖಾಕಿ ಕೋಟು. ಎಲ್ಲಿಗೋ ಹೊರಟಿದ್ದಾರೆ ಅಂದುಕೊಂಡೆ.

"ಏನಮ್ಮಾ, ಇಲ್ಲಿ ಬಾ. ನನ್ನ ಈ ಗಾಡಿಯಿಂದ ಇಳಿಸು."

ಓಡಿ ಹೋಗಿ ರಟ್ಟೆಗೆ ಕೈಹಾಕಿದೆ.

"ಅಲ್ಲಲ್ಲ. ಬಲಗಾಲು ಎತ್ತಕ್ಕಾಗ್ತಿಲ್ಲ. ಬಗ್ಗಿ ಮಂಡಿ ಹಿಡ್ಕೊಂಡು ಈ ಪೈಪ್ ದಾಟಿಸು. ನಾನೇ ಬಗ್ಗೋ ಹಾಗಿದ್ರೆ ನಿನ್ನ ಯಾಕೆ ಕರೀತಿದ್ದೆ?"

ಕಾಲು ದಾಟಿಸಿದೆ. ಅವರ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು, ತುಟಿ ಬಿಳಿಚಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದೀರಿ ಆಂಟಿ ಎಂದು ಕೇಳಿದೆ.

"ಹಾಲಿನವನು ಬಂದು ಹೋದಾಗಿಂದ. ಆಂಟಿ ಅನ್ಬೇಡ, ಅಕ್ಕ ಅನ್ನು."

"ಹಾಲಿನವನನ್ನೇ ಕರೀಬಹುದಿತ್ತಲ್ಲ?"

"ಅವನ ಕೈಲಿ ಕಾಲು ಎತ್ತಿಸ್ಕೊಳ್ಳಕ್ಕಾಗತ್ತೇನೇ? ಯಾರಾದ್ರೂ ಹೆಂಗಸು ಬರ್ಲಿ ಅಂತ ಕಾಯ್ತಿದ್ದೆ."

ನನ್ನ ತಾಯಿಯ ವಯಸ್ಸಿನವರನ್ನು ಅಂದಿನಿಂದ ಅಕ್ಕ ಎಂದೇ ಕರೆದೆ.

ಅಕ್ಕ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕಾಯಿಲ್ ಸುತ್ತುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುತ್ತುವ ಕೆಲಸ. ಅವರ ಬೆನ್ನುಮೂಳೆಯ ಗಂಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಾ ಹೋಗುವ ಕಾಯಿಲೆಗೂ ಆ ಕೆಲಸಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅಕ್ಕ ಅದನ್ನು ನಂಬಿರಲಿಲ್ಲ. ನಾನು ನೋಡುವ ಹೊತ್ತಿಗೆ ಕುತ್ತಿಗೆ ಎಡಕ್ಕೂ ತಿರುಗುತ್ತಿರಲಿಲ್ಲ, ಬಲಕ್ಕೂ ತಿರುಗುತ್ತಿರಲಿಲ್ಲ. ಹಿಂದಿನಿಂದ ಕರೆದರೆ ಪಾದದಿಂದ ಹಿಡಿದು ಇಡೀ ದೇಹವನ್ನೇ ತಿರುಗಿಸುತ್ತಿದ್ದರು. ಹೊಸಬರಿಗೆ ಅದು ಜಂಬದಂತೆ ಕಾಣುತ್ತಿತ್ತು. ನೆಲಕ್ಕೆ ಬಿದ್ದದ್ದನ್ನು ಒಲೆಯ ಇಕ್ಕಳದಿಂದ ಎತ್ತುತ್ತಿದ್ದರು. ತಳ್ಳುಗಾಡಿಯ ತರಕಾರಿಯವನು ಒಂದೊಂದು ಬದನೆಕಾಯಿಯನ್ನೂ ಅವರ ಕಣ್ಣಿನೆತ್ತರಕ್ಕೆ ಹಿಡಿದು ತೋರಿಸಬೇಕಿತ್ತು. ಅವನು ಒಮ್ಮೆ "ಪಾಪ" ಅಂದನಂತೆ. ಆಮೇಲೆ ಬಹಳ ದಿನ ಅವನ ಹತ್ತಿರ ಏನನ್ನೂ ಕೊಳ್ಳಲಿಲ್ಲ.

ಇಂಥವರು ದಿನಾ ಮಧ್ಯಾಹ್ನ ಊಟವಾದ ಮೇಲೆ ಕೋಟು ತೊಟ್ಟು ಮೊಪೆಡ್ ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೇ ಮನೆಗೆ. ಭಜನೆಗೆ ಹೋಗುತ್ತಾರೆ ಎಂದು ಬೀದಿಯವರು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಅಕ್ಕನ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಮಗ, ಸೊಸೆ. ಮಗ ಬ್ಯಾಂಕಿನ ನೌಕರ, ಮೆತ್ತಗಿನ ಮನುಷ್ಯ. ತಾಯಿ ಗೇಟಿನ ಮುಂದೆ ಸಿಕ್ಕಿಹಾಕಿಕೊಂಡು ನಿಂತಿದ್ದ ಸಂಗತಿ ಹೇಗೋ ಅವನ ಕಿವಿಗೂ ಬಿದ್ದಿತ್ತು. ಒಂದು ಭಾನುವಾರ ಅಕ್ಕ ಬೇಗೂರಿನ ನೆಂಟರ ಮನೆಯ ಸೀಮಂತಕ್ಕೆ ಹೋಗಿ ಬರುವಷ್ಟರಲ್ಲಿ ಮೊಪೆಡ್ ಇರಲಿಲ್ಲ. ಮಗ ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದ.

ಅಕ್ಕ ಕೂಗಾಡಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತೇನೋ. ಕಾಂಪೌಂಡ್ ಗೋಡೆಯಾಚೆಯಿಂದ ನನಗೆ ಕೇಳಿಸಿದ್ದು ಮಗನ ದನಿಯೊಂದೇ.

"ಅಮ್ಮ, ಹಿಂದಿಂದ ಲಾರಿ ಬಂದ್ರೆ ನಿಂಗೆ ಕಾಣಲ್ಲ. ತುಮಕೂರು ರೋಡ್ ಪೂರ್ತಿ ಮೆಟ್ರೊಗೆ ಅಗೆದು ಹಾಕಿದಾರೆ. ಏನಾದ್ರೂ ಆದ್ರೆ ನಾನೇನ್ ಮಾಡ್ಲಿ? ಮಾತಾಡಮ್ಮ... ಮಾತಾಡು."

ಮರುದಿನ ಮಧ್ಯಾಹ್ನ ಅಕ್ಕ ಕೋಟು ತೊಟ್ಟು ಬಸ್ ಸ್ಟಾಪಿಗೆ ನಡೆದರು. ಬಸ್ಸಿನ ಮೆಟ್ಟಿಲು ಅವರ ಕಾಲಿಗೆ ಎಟುಕಲಿಲ್ಲ. ಆಟೊದವರು ಅಷ್ಟು ಹತ್ತಿರಕ್ಕೆ ಬರುವುದಿಲ್ಲ ಎಂದರು. ಬಂದವನ ಆಟೊದೊಳಗೆ ತಲೆ ಬಗ್ಗಿಸಿ ಕೂರಲು ಇವರಿಗಾಗಲಿಲ್ಲ. ಹಾಗೇ ವಾಪಸಾದರು. ಆ ವಾರವೆಲ್ಲ ಮಧ್ಯಾಹ್ನದ ಹೊತ್ತು ವರಾಂಡದಲ್ಲಿ ಕೋಟು ತೊಟ್ಟುಕೊಂಡೇ ಕೂತಿರುತ್ತಿದ್ದರಂತೆ. ಅವರ ಸೊಸೆಯೇ ನನಗೆ ಹೇಳಿದ್ದು. ಹೇಳುವಾಗ ಆಕೆಗೆ ಅಳು ಬಂದಿತ್ತು.

ಶನಿವಾರ ಅಕ್ಕ ನಮ್ಮ ಮನೆಗೆ ಬಂದರು.

"ಈ ಬ್ಯಾಟರಿ ಗಾಡಿಗಳು ಬಂದಿವೆಯಂತಲ್ಲ. ಕಿಕ್ ಹೊಡೀಬೇಕಿಲ್ಲ, ಮುಂದೆ ಕಾಲಿಡಕ್ಕೆ ಜಾಗ ಇರತ್ತೆ, ಪೈಪ್ ಅಡ್ಡ ಇರಲ್ಲ. ನಾಳೆ ನನ್ನ ಕರ್ಕೊಂಡು ಹೋಗು. ಹತ್ತಿ ಇಳಿದು ನೋಡ್ಬೇಕು."

"ನಿಮ್ಮ ಮಗನಿಗೆ ಹೇಳಿದೀರಾ?"

"ಹೇಳ್ತೀನಿ, ಗಾಡಿ ಗೇಟೊಳಗೆ ಬಂದ್ಮೇಲೆ. ಅವ್ನು ನಂಗೆ ಹೇಳಿದ್ದೂ ಗಾಡಿ ಗೇಟಿಂದ ಆಚೆ ಹೋದ್ಮೇಲೇ ತಾನೆ?"

ಆಗ ಅಂಥ ಗಾಡಿಗಳ ಅಂಗಡಿಗಳು ಅಲ್ಲೊಂದು ಇಲ್ಲೊಂದು ಹುಟ್ಟಿಕೊಳ್ಳುತ್ತಿದ್ದವು. ಕೆಲವು ಬಂದಷ್ಟೇ ಬೇಗ ಮುಚ್ಚಿಯೂ ಹೋಗುತ್ತಿದ್ದವು. ಅಕ್ಕನನ್ನು ನನ್ನ ಸ್ಕೂಟರಿನ ಹಿಂದೆ ಒಂದೇ ಬದಿಗೆ ಕೂರಿಸಿಕೊಂಡು ಹೊರಟೆ. ಮೊದಲ ಅಂಗಡಿಯ ಹುಡುಗ ಅವರ ಕಡೆ ನೋಡಲೇ ಇಲ್ಲ. ಗಾಡಿ ಎಷ್ಟು ಚೆನ್ನಾಗಿ ಓಡುತ್ತದೆ, ಬಣ್ಣ ಯಾವ್ಯಾವುದಿದೆ ಎಂದು ಎಲ್ಲವನ್ನೂ ನನಗೆ ಹೇಳಿದ. ಕೊನೆಗೆ, "ತಾಯಿಗಾ ಮೇಡಂ? ಸಕ್ಕತ್ ಕಂಫರ್ಟ್ ಮೇಡಂ, ಕಣ್ಮುಚ್ಕೊಂಡು ತಗೊಳಿ" ಅಂದ.

ಅಕ್ಕ ಅವನನ್ನು ಹತ್ತಿರ ಕರೆದರು. "ಈ ಗಾಡಿ ಮೇಲೆ ಕೂತ್ಕೊಳಪ್ಪ. ಹಾಂ. ಈಗ ಕುತ್ತಿಗೆ ತಿರುಗಿಸ್ಬೇಡ. ಸೊಂಟ ಬಗ್ಗಿಸ್ಬೇಡ. ಹಂಗೇ ಚಾರ್ಜಿಂಗ್ ಪ್ಲಗ್ ಎಲ್ಲಿದೆ ಮುಟ್ಟು ನೋಡಣ."

ಪ್ಲಗ್ ಇದ್ದದ್ದು ಸೀಟಿನ ಕೆಳಗೆ, ಪಾದದ ಹತ್ತಿರ. ಹುಡುಗ ತಡಕಾಡಿದ, ನಗಾಡಿದ, ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ. "ಕಷ್ಟ ಅಮ್ಮ" ಅಂದ.

"ಕಷ್ಟ ಅಂತ ನೀನೇ ಹೇಳಿದ್ಯಲ್ಲ, ಸಂತೋಷ" ಎಂದು ಹೊರಬಂದರು.

ಎರಡನೆಯ ಅಂಗಡಿಯಲ್ಲಿ ಪ್ಲಗ್ ಮೇಲೆಯೇ ಇತ್ತು, ಸೀಟು ಎತ್ತರ. ಅಕ್ಕನ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಇನ್ನೊಂದು ಕಡೆ ಸೈಕಲ್ಲಿನಂತೆ ಪೆಡಲ್ ಇರುವ ಬ್ಯಾಟರಿ ಗಾಡಿ ತೋರಿಸಿದರು. ಚಿಕ್ಕ ವಯಸ್ಸಿನಲ್ಲಿ ಅವರು ಟೌನ್‌ಶಿಪ್ಪಿನ ರಸ್ತೆಗಳಲ್ಲಿ ಸೈಕಲ್ಲಿನಲ್ಲೇ ಕಾರ್ಖಾನೆಗೆ ಹೋಗುತ್ತಿದ್ದವರು. ಅದನ್ನು ಸವರಿದರು, ಬೆಲ್ ಬಾರಿಸಿದರು. "ಸೊಂಟ ಒಪ್ಪಲ್ಲ" ಎಂದು ಮುಂದೆ ಹೋದರು. ಸಂಜೆ ಹೊತ್ತಿಗೆ ಒಂದು ಸಿಕ್ಕಿತು. ಕುಳ್ಳಗಿನ, ನಿಧಾನದ ಗಾಡಿ. ಕಾಲೇಜು ಹುಡುಗಿಯರೂ ಬೇಡವೆಂದು ಬಿಟ್ಟು ಹೋಗಿದ್ದರಂತೆ, ಮೂಲೆಯಲ್ಲಿ ಧೂಳು ಹಿಡಿದಿತ್ತು. ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ. ಬೆನ್ನು ನೆಟ್ಟಗಿಟ್ಟರೂ ಹ್ಯಾಂಡಲ್ ಕೈಗೆ ಎಟುಕುತ್ತಿತ್ತು. ಬ್ರೇಕ್ ಮೃದು. ಅಕ್ಕ ಹತ್ತಿ ಇಳಿದರು, ಮತ್ತೆ ಹತ್ತಿ ಇಳಿದರು. ಯಾರೂ ಕಾಲು ಹಿಡಿಯಬೇಕಾಗಲಿಲ್ಲ. ಅವರು ಬಾಯ್ತುಂಬ ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು.

ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಿಸಿ ನೋಡಲು ಹೊರಟರು. ಸದ್ದಿಲ್ಲದ ಗಾಡಿ. ಹೋದರು, ತಿರುಗಿಸಲು ಬಲಕ್ಕೆ ಎಳೆದರು. ಹಿಂದಿನಿಂದ ಬರುತ್ತಿದ್ದ ಟೆಂಪೊ ಅವರಿಗೆ ಕಾಣಲಿಲ್ಲ. ಟೆಂಪೊದವನು ಬ್ರೇಕ್ ಒತ್ತಿದ ಸದ್ದಿಗೆ ಅಂಗಡಿಯವರೆಲ್ಲ ಹೊರಗೆ ಬಂದರು. ಅವನು ತಲೆ ಹೊರಗೆ ಹಾಕಿ, "ಏನಜ್ಜಿ, ಮನೇಲಿ ಹೇಳ್ಬಿಟ್ಟು ಬಂದಿದೀಯಾ?" ಎಂದು ಕೂಗಿ ಹೋದ. ನಾನು ಓಡಿ ಹೋಗಿ ಗಾಡಿಯ ಹ್ಯಾಂಡಲ್ ಹಿಡಿದುಕೊಂಡೆ. ಅವರ ಮಗ ಹೇಳಿದ್ದೇ ಸರಿ, ಇದಕ್ಕೆ ಕೈಜೋಡಿಸಬಾರದಿತ್ತು ಅನ್ನಿಸಿತು. ಅಕ್ಕನಿಗೆ ಹಾಗೇ ಹೇಳಿಯೂಬಿಟ್ಟೆ.

ಅವರು ಗಾಡಿಯ ಮೇಲೆ ಕೂತೇ ಅದರ ಪುಟ್ಟ ಕನ್ನಡಿಯನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ನಂಗೂ ಭಯ ಆಯ್ತು ಕಣೇ. ಸುಳ್ಳು ಹೇಳಲ್ಲ. ಆದ್ರೆ ನಾನು ಹೋಗ್ಲೇಬೇಕು. ದೊಡ್ಡ ಕನ್ನಡಿ ಹಾಕ್ಸಣ, ಎರಡೂ ಕಡೆ. ಮುಂದೆ ಒಂದು. ಕುತ್ತಿಗೆ ಮಾಡ್ದೇ ಇರೋ ಕೆಲಸ ಕನ್ನಡಿ ಮಾಡತ್ತೆ."

"ಎಲ್ಲಿಗೆ ಅಕ್ಕ ಹೋಗ್ಲೇಬೇಕಾದ್ದು?"

"ಬಾ, ತೋರಿಸ್ತೀನಿ."

ಕನ್ನಡಿಗಳನ್ನು ನಮ್ಮ ವರ್ಕ್‌ಶಾಪಿನಲ್ಲೇ ಕೂರಿಸಿಕೊಟ್ಟರು. ಮೊದಲ ಬಾರಿ ಅವರು ಆ ಗಾಡಿಯಲ್ಲಿ ಹೋದಾಗ ನಾನು ಸ್ಕೂಟರಿನಲ್ಲಿ ಅವರ ಹಿಂದೆ ಹಿಂದೆಯೇ, ಬೇರೆಯವರು ಹತ್ತಿರ ಬಾರದಂತೆ ಅಡ್ಡಡ್ಡ ಓಡಿಸುತ್ತಾ ಹೋದೆ. ಪೀಣ್ಯದ ಶೆಡ್ಡುಗಳ ಸಾಲು ದಾಟಿ, ಗ್ರೀಸು ಕಲೆಯ ಓಣಿಗಳ ಒಳಗೆ ಒಂದು ಮೂರಂತಸ್ತಿನ ಕಟ್ಟಡ. ಹಿಂದೆ ರಾಗಿ ಹೊಲವಾಗಿದ್ದ ಜಾಗವಂತೆ. ಈಗ ರೂಮು ರೂಮಾಗಿ ಬಾಡಿಗೆಗೆ ಕೊಟ್ಟಿದ್ದರು. ಕೆಳಗಿನ ಮನೆಯಲ್ಲಿ ಮಾಲೀಕರು. ಅವರ ಮನೆಯ ಪಕ್ಕದ ಕೋಣೆಯಲ್ಲಿ, ಕಿಟಕಿಗೆ ಹತ್ತಿಸಿದ ಮಂಚದ ಮೇಲೆ ಒಬ್ಬ ಹೆಂಗಸು ಮಲಗಿದ್ದರು.

"ಸರೋಜಾ, ಹೊಸ ಗಾಡಿ ಬಂತು ಕಣೇ" ಅಂದರು ಅಕ್ಕ.

ಸರೋಜಮ್ಮ ಅಕ್ಕನ ಪಕ್ಕದ ಬೆಂಚಿನಲ್ಲಿ ಕೂತು ಕಾಯಿಲ್ ಸುತ್ತಿದವರು. ಮದುವೆಯಾಗಿರಲಿಲ್ಲ. ನಿವೃತ್ತಿಯಾಗುತ್ತಿದ್ದಂತೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಅಣ್ಣನ ಮಗ ತನ್ನ ಕಟ್ಟಡದಲ್ಲಿ ಜಾಗ ಕೊಟ್ಟಿದ್ದ. ಮಾತು ನಿಂತುಹೋಗಿತ್ತು. ಉಳಿದದ್ದು ಒಂದೇ ಪದ, "ಆಯ್ತು". ಹಸಿವಾದರೂ ಆಯ್ತು, ನೋವಾದರೂ ಆಯ್ತು. ಗಾಡಿ ಬಂತೆಂದು ಕೇಳಿದಾಗಲೂ ಅದನ್ನೇ ಅಂದರು. ಆದರೆ ಅವರ ಎಡಗಣ್ಣಿನಿಂದ ನೀರು ಕೆನ್ನೆಗಿಳಿಯಿತು. ಮಂಚ ತಗ್ಗು, ಅಕ್ಕನಿಗೆ ಬಗ್ಗಲು ಬಾರದು. ಹಾಗಾಗಿ ಅಕ್ಕ ಕುರ್ಚಿಯ ಮೇಲೆ ಕೂತು ಸರೋಜಮ್ಮನ ಸತ್ತ ಬಲಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಎಣ್ಣೆ ಹಚ್ಚಿ ಒಂದೊಂದು ಬೆರಳನ್ನೂ ಬಿಡಿಸುತ್ತಾ ಮಾತಾಡತೊಡಗಿದರು. ಅಂಗಡಿಯ ಹುಡುಗ ಪ್ಲಗ್ ತಡಕಾಡಿದ್ದು, ಟೆಂಪೊದವನು ಬೈದದ್ದು, ನಾನು ಹೆದರಿ ಹ್ಯಾಂಡಲ್ ಹಿಡಿದದ್ದು ಎಲ್ಲವನ್ನೂ ಹೇಳಿದರು. ನನ್ನ ಮನೆಯ ಕಾಂಪೌಂಡಿನ ಪಕ್ಕದಲ್ಲೇ ಇದ್ದರೂ ಈ ಅಕ್ಕ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮೇಲಿನ ರೂಮಿನ ಶರಣಮ್ಮ ಚಹಾ ತಂದುಕೊಟ್ಟಳು. ಯಾದಗಿರಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. "ಒಂದು ವಾರ ಈ ಅಕ್ಕಾರು ಬರ್ಲಿಲ್ರಿ. ಈ ಅವ್ವ ಬಾಗಲಾ ನೋಡ್ಕೋತನ ಮಲಗಿದ್ಲು ನೋಡ್ರಿ" ಎಂದು ನನಗೆ ಹೇಳಿದಳು.

ಗಾಡಿ ಗೇಟಿನೊಳಗೆ ಬಂದ ದಿನ ಅವರ ಮನೆಯಲ್ಲಿ ಏನಾಯಿತೋ ಗೊತ್ತಿಲ್ಲ. ಕೆಲವು ದಿನಗಳ ಮೇಲೆ ಮಗ ನನ್ನನ್ನು ತಡೆದು ನಿಲ್ಲಿಸಿದ. ತಾಯಿ ಸರೋಜಮ್ಮನ ಹತ್ತಿರ ಹೋಗುವುದು ಅವನಿಗೆ ಮೊದಲೇ ಗೊತ್ತಿತ್ತು.

"ನೀವೇ ಹೇಳಿ ಮೇಡಂ, ಆ ಯಮ್ಮ ನಮಗೆ ಏನಾಗ್ಬೇಕು? ನೋಡ್ಕೊಳಕ್ಕೆ ಅವ್ರ ಕಡೆಯವ್ರಿದಾರೆ. ನಮ್ಮಮ್ಮನ ಆರೋಗ್ಯ ಯಾರು ನೋಡ್ಬೇಕು?"

ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಅಕ್ಕನಿಂದ.

"ನಿಮ್ಮಪ್ಪ ಹೋದಾಗ ನೀನು ಚಿಕ್ಕವನು. ನಾನು ಬೆಂಚ್ ಮೇಲೆ ಕೂತು ಅಳ್ತಿದ್ರೆ, ನನ್ನ ಪಾಲಿನ ಕಾಯಿಲೂ ಅವಳೇ ಸುತ್ತಿ ನನ್ನ ಟ್ರೇಗೆ ಹಾಕ್ತಿದ್ಲು. ಒಂದಿನ ಅಲ್ಲ, ಎರಡು ದಿನ ಅಲ್ಲ. ಸೂಪರ್‌ವೈಸರ್ ಹಿಡಿದ್ರೆ ಇಬ್ರಿಗೂ ಕೆಲಸ ಹೋಗ್ತಿತ್ತು. ಏನಾಗ್ಬೇಕು ಅಂತ ಅವಳು ಕೇಳ್ಲಿಲ್ಲ."

ಮಗ ತಲೆತಗ್ಗಿಸಿ ಒಳಗೆ ಹೋದ. ಆದರೂ ಅವನ ಭಯ ಹೋಗಲಿಲ್ಲ, ಹೋಗುವಂಥದ್ದೂ ಅಲ್ಲ. ಅಕ್ಕ ಬರುವುದು ತಡವಾದರೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ಅವರು ಬಂದದ್ದು ಕಂಡ ಕೂಡಲೇ, ನೋಡಲೇ ಇಲ್ಲವೆಂಬಂತೆ ಒಳಗೆ ಹೋಗುತ್ತಿದ್ದ.

ಅವನು ಹೆದರಿದ್ದಂತೆಯೇ ಆಯಿತು. ಮಳೆಗಾಲ ಮುಗಿದ ಮೇಲೊಂದು ಮಧ್ಯಾಹ್ನ, ಪೀಣ್ಯದ ಶೆಡ್ಡೊಂದರಿಂದ ಲಾರಿ ಹಿಮ್ಮುಖವಾಗಿ ಬಂತು. ಬೇರೆ ಗಾಡಿಯಾಗಿದ್ದರೆ ಸದ್ದು ಕೇಳಿ ಕ್ಲೀನರ್ ಕೂಗಿಕೊಳ್ಳುತ್ತಿದ್ದ. ಈ ಗಾಡಿ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅಕ್ಕನಿಗೆ ಕನ್ನಡಿಯಲ್ಲಿ ಹಿಂದಿನದೆಲ್ಲ ಕಾಣುತ್ತಿತ್ತು, ಪಕ್ಕದ್ದು ಕಾಣಲಿಲ್ಲ. ಲಾರಿ ತಾಗಿದ್ದು ಸ್ವಲ್ಪವೇ. ಬಗ್ಗಲಾರದ ದೇಹ ಮರದ ದಿಮ್ಮಿಯಂತೆ ಇಡಿಯಾಗಿ ಬಿತ್ತು. ಬಲ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಮಗ ನನ್ನ ಕಡೆ ನೋಡಲಿಲ್ಲ. ಅಕ್ಕನೂ ಅವನ ಕಡೆ ನೋಡಲಿಲ್ಲ.

ಮಗ ಗಾಡಿಯನ್ನು ಮನೆಯ ಹಿಂದೆ ಒಯ್ದು ಕಿಟಕಿಯ ಸರಳಿಗೆ ಸರಪಳಿ ಹಾಕಿ ಬಿಗಿದ. ಅಕ್ಕ ಬೇಡ ಅನ್ನಲಿಲ್ಲ, ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ತಲೆ ಬಾಚಿಕೊಳ್ಳುವುದನ್ನು ಬಿಟ್ಟರು. ತರಕಾರಿಯವನ ಜೊತೆ ಜಗಳವನ್ನೂ ಬಿಟ್ಟರು. ಪ್ಲಾಸ್ಟರ್ ಬಿಚ್ಚಿದಾಗ ಮಣಿಕಟ್ಟು ತಿರುಗುತ್ತಿರಲಿಲ್ಲ. "ದೇಹದಲ್ಲಿ ತಿರುಗೋದು ಅಂತ ಇದ್ದಿದ್ದು ಅದೊಂದೇ" ಅಂದರು, ತಮಾಷೆಯೆನ್ನಿಸುವಂತೆ. ನಗು ಯಾರಿಗೂ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರ ಮನೆಯ ಮುಂದೆ ಆಟೊ ನಿಂತಿತು. ಇಳಿದವಳು ಸರೋಜಮ್ಮನ ಅಣ್ಣನ ಸೊಸೆ, ಆ ಕಟ್ಟಡದ ಮಾಲೀಕರ ಮನೆಯವಳು. ಗೇಟಿನಲ್ಲೇ ಮಗ ಎದುರಾದ. ನಾನು ನಮ್ಮ ಅಂಗಳದಲ್ಲಿದ್ದೆ.

"ನೋಡಣ್ಣ, ನಮ್ ಮನೇಲಿ ಊಟಕ್ಕೆ ಕಮ್ಮಿ ಇಲ್ಲ, ದೇವ್ರಾಣೆಗೂ ಒಟ್ಟೆಗೆ ಕಮ್ಮಿ ಮಾಡಿಲ್ಲ. ನಿಮ್ಮಮ್ಮ ಬರೋದು ನಿಂತ್ಮೇಲೆ ಅತ್ತೆ ಅನ್ನ ಮುಟ್ತಿಲ್ಲ. ಬಲವಂತ ಮಾಡುದ್ರೆ ಉಗೀತದೆ. ಅಂಗೇ ಒಣಗೋಗ್ತಾ ಐತೆ. ಒಂದ್ ಸಲ ಕರ್ಕೊಂಡ್ ಬಾ ಅಣ್ಣ. ನಿನ್ ಕಾಲಿಗ್ ಬೀಳ್ತೀನಿ."

ಅವನು ಗೇಟಿನ ಚಿಲಕ ತೆಗೆದು ಅವಳನ್ನು ಒಳಗೆ ಬಿಟ್ಟ. ಆಮೇಲೆ ಒಳಗೆ ಹೋಗಿ ತಾನೇ ತಾಯಿಯ ಕೋಟು ತಂದು, ಮುರಿದ ಕೈಯನ್ನು ಮೊದಲು ತೂರಿಸಿ ತೊಡಿಸಿದ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಎಳೆದು ಕೂರಿಸಿಕೊಂಡು ಹೋದ. ಅಲ್ಲಿ ಏನು ನೋಡಿದನೋ ನಾನು ಕೇಳಲಿಲ್ಲ. ಸೋಮವಾರ ಅವನು ಬ್ಯಾಂಕಿಗೆ ರಜೆ ಹಾಕಿ ನಮ್ಮ ವರ್ಕ್‌ಶಾಪಿಗೆ ಬಂದ. ಗಾಡಿಯನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ತಂದಿದ್ದ.

"ಹಿಂದೆ ಎರಡು ಪಕ್ಕ ಚಕ್ರ ಹಾಕಿ. ಬಿದ್ದೋಗ್ಬಾರದು. ಆಕ್ಸಿಲರೇಟರ್ ತಿರುಚೋದು ಬೇಡ, ಹೆಬ್ಬೆರಳಲ್ಲಿ ಒತ್ತೋ ಥರ ಮಾಡಿ. ಮತ್ತೆ... ಏನಾದ್ರೂ ಸದ್ದು ಬರೋ ಹಾಗೆ ಮಾಡಕ್ಕಾಗತ್ತಾ?"

ನಮ್ಮವರು ಹಿಂದಿನ ಚಕ್ರದ ಹತ್ತಿರ ತಗಡಿನ ಪಟ್ಟಿಯೊಂದನ್ನು ಕೂರಿಸಿದರು. ಗಾಡಿ ಹೊರಟರೆ ಟರಟರ ಅನ್ನುತ್ತಿತ್ತು. ಅಕ್ಕ ಪಕ್ಕದ ಚಕ್ರಗಳನ್ನು ನೋಡಿ ಮುಖ ಗಂಟಿಕ್ಕಿದರು. ಕುಂಟರ ಗಾಡಿ ಮಾಡಿದ್ಯಲ್ಲೋ ಎಂದು ಮಗನನ್ನು ಬೈದರು. ಬೈದದ್ದನ್ನು ಕೇಳಿ ಅವನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಆಮೇಲಿನ ವರ್ಷಗಳಲ್ಲಿ ಅವರು ಹೋಗದ ದಿನ ಕಡಿಮೆ. ಬೀದಿಯವರಿಗೆ ಆ ಟರಟರವೇ ಮಧ್ಯಾಹ್ನದ ಗಂಟೆಯಾಗಿತ್ತು. ನೋವು ಹೆಚ್ಚುತ್ತಲೇ ಇತ್ತು. ಉಸಿರೆಳೆದುಕೊಂಡರೆ ಪಕ್ಕೆಲುಬು ಬಿರಿಯುವುದಿಲ್ಲ ಅನ್ನುತ್ತಿದ್ದರು. ಒಮ್ಮೆ ನಾನು, ಕಾರಿದೆಯಲ್ಲ ಅಕ್ಕ, ಮಗನೇ ಬಿಡುತ್ತಾನಲ್ಲ ಎಂದೆ. "ಬಿಡ್ತಾನೆ. ಆದ್ರೆ ಅವನಿಗೆ ಬಿಡುವಾದಾಗ ನಂಗೆ ಸರೋಜ ನೆನಪಾಗ್ಬೇಕು, ಅಲ್ವಾ?" ಅಂದರು.

ಅಕ್ಕ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ಕರ್ಮಗಳೆಲ್ಲ ಮುಗಿದಿದ್ದವು. ಮಗ ಶಿಸ್ತಿನಿಂದ ಎಲ್ಲವನ್ನೂ ನಡೆಸಿದ್ದ, ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ಅವನ ಹೆಂಡತಿ ಆತಂಕದಿಂದ ಹೇಳಿದಳು. ಪೀಣ್ಯಕ್ಕೆ ಮಾತ್ರ ಇನ್ನೂ ತಿಳಿಸಿರಲಿಲ್ಲ. ಹುಷಾರಿಲ್ಲ ಎಂದಷ್ಟೇ ಹೇಳಿ ಕಳಿಸಿದ್ದರು. "ನೀವೂ ಬನ್ನಿ ಮೇಡಂ. ನನಗೊಬ್ಬನಿಗೆ ಆಗಲ್ಲ" ಎಂದ.

ನಾವು ಹೋದಾಗ ಸರೋಜಮ್ಮ ಎಚ್ಚರವಾಗಿದ್ದರು. ನಮ್ಮನ್ನು ನೋಡಿದರು, ನಮ್ಮ ಹಿಂದೆ ಬಾಗಿಲನ್ನು ನೋಡಿದರು. ಅವನು ಕುರ್ಚಿಯ ಮೇಲೆ ಕೂರದೆ ಮಂಚದ ಪಕ್ಕ ನೆಲದ ಮೇಲೆ ಕೂತ. ಮಂಚದ ಅಂಚನ್ನು ಉಜ್ಜುತ್ತಿದ್ದ. ಆಮೇಲೆ ತಾಯಿ ಹೋದ ದಿನದ ಬೆಳಗಿನಿಂದಲೇ ಶುರುಮಾಡಿದ.

"ಬೆಳಿಗ್ಗೆ ಚೆನ್ನಾಗೇ ಇದ್ರು. ಕಾಫಿ ಕುಡಿದ್ರು. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಅಂದ್ರು. ಊಟ ಆದ್ಮೇಲೆ ಕೋಟು ಹಾಕ್ಕೊಂಡ್ರು. ನಿಮಗೆ ಅಂತ ಮೋಸಂಬಿ ಸುಲಿದು ಡಬ್ಬಿಗೆ ಹಾಕಿದ್ರು, ಬೀಜ ಎಲ್ಲ ತೆಗೆದು. ವರಾಂಡದ ಕುರ್ಚಿ ಮೇಲೆ ಕೂತು, ಚಪ್ಪಲಿ ಹಾಕು ಬಾರೋ ಅಂತ ನನ್ನ ಕರೆದ್ರು. ನಾನು ಫೋನಲ್ಲಿದ್ದೆ, ಬಂದೆ ಅಂದೆ. ಬಂದು ಒಂದು ಚಪ್ಪಲಿ ಹಾಕ್ದೆ. ಇನ್ನೊಂದು ಕಾಲು ಕೊಡಮ್ಮ ಅಂದೆ. ಕೊಡ್ಲಿಲ್ಲ. ತಲೆ ಎತ್ತಿ ನೋಡಿದ್ರೆ..."

ಸರೋಜಮ್ಮ ತಮ್ಮ ಬಳಿಯಿದ್ದ ಆ ಒಂದು ಪದವನ್ನೂ ಅನ್ನಲಿಲ್ಲ. ಎಡಗೈ ಚಾಚಿ ಅವನ ತಲೆ ಹಿಡಿದು, ತಮ್ಮಲ್ಲಿ ಉಳಿದಿದ್ದ ಬಲವನ್ನೆಲ್ಲ ಹಾಕಿ ಮಂಚದ ಕಡೆಗೆ ಎಳೆದುಕೊಂಡರು. ಅವನು ಅವರ ಹೊದಿಕೆಯಲ್ಲಿ ಮುಖವಿಟ್ಟು, ಇಷ್ಟು ದಿನ ಅಳದಿದ್ದವನು, ಚಿಕ್ಕ ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. ಹೊರಗೆ ಪಾಳಿ ಬಿಟ್ಟ ಕಾರ್ಮಿಕರು ಮಾತಾಡುತ್ತಾ ಹಾದುಹೋಗುತ್ತಿದ್ದರು. ಶರಣಮ್ಮ ಬಂದು ದೀಪ ಹಾಕಿದಳು. ಆಗಲೂ ಸರೋಜಮ್ಮ ಅವನ ತಲೆಯ ಮೇಲಿನ ಕೈ ತೆಗೆದಿರಲಿಲ್ಲ.